ಸ್ಪ್ಲಿಟ್ ಕೀಬೋರ್ಡ್: ಬಲ ಭಾಗಕ್ಕೆ ಲೈಟ್ ಬರುತ್ತೆ, ಅಕ್ಷರ ಬರಲ್ಲ (ಪರಿಹಾರ ಸಿಕ್ಕಿದೆ)

ಹೊಸಕೀಲಿ

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಮಾಮೂಲಿ ಕೀಬೋರ್ಡಿನಲ್ಲೇ ಟೈಪ್ ಮಾಡಿದವಳು ನಾನು. ಮೊದಲ ಸಲ ಎರಡು ಹೋಳಿನದು ತಗೊಂಡಿದ್ದೀನಿ. ಕಾರ್ನ್ ಮಾದರಿ, 42 ಕೀ, ಎರಡೂ ಕಡೆ ಆರ್‌ಪಿ2040 ಕಂಟ್ರೋಲರ್ (ಕೀಬೋರ್ಡ್ ನಡೆಸುವ ಚಿಪ್). ಸ್ವಿಚ್‌ಗಳು ಹಾಟ್‌ಸ್ವಾಪ್ (ಬೆಸುಗೆ ಇಲ್ಲದೆ ಚುಚ್ಚಿ ಕೂರಿಸುವಂಥವು), ನಾನೇ ಕೂರಿಸಿದೆ. ಫರ್ಮ್‌ವೇರ್ (ಕೀಬೋರ್ಡಿನ ಒಳಗೆ ಓಡುವ ತಂತ್ರಾಂಶ) ವಯಲ್, ಕೀಗಳನ್ನು ಕಂಪ್ಯೂಟರಿನಿಂದಲೇ ಬದಲಿಸಬಹುದು. ಎರಡೂ ಹೋಳಿಗೆ ಮೊದಲೇ ಹಾಕಿ ಕಳಿಸಿದ್ದಾರೆ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ನಡುವಿನ ಕೇಬಲ್ ಜೊತೆಗೆ ಬಂದಿರಲಿಲ್ಲ, ಮನೆಯಲ್ಲಿದ್ದ ಒಂದು ಆಡಿಯೋ ಕೇಬಲ್ ಹಾಕಿದ್ದೀನಿ.

ಎಡ ಭಾಗಕ್ಕೆ ಯುಎಸ್‌ಬಿ ಚುಚ್ಚಿದರೆ ಎಡ ಭಾಗ ಪೂರ್ತಿ ಕೆಲಸ ಮಾಡುತ್ತೆ. ಬಲ ಭಾಗದ ಲೈಟ್ ಹತ್ತುತ್ತೆ, ಆದರೆ ಒಂದು ಅಕ್ಷರವೂ ಬರಲ್ಲ. ಸರಿ, ಬಲಕ್ಕೇ ಯುಎಸ್‌ಬಿ ಹಾಕಿ ನೋಡೋಣ ಅಂತ ಹಾಕಿದೆ. ಆಗ ಎಲ್ಲ ಉಲ್ಟಾ. ಪಿ ಒತ್ತಿದರೆ ಕ್ಯೂ, ಜೆ ಒತ್ತಿದರೆ ಎಫ್, ಬ್ಯಾಕ್‌ಸ್ಪೇಸ್ ಒತ್ತಿದರೆ ಟ್ಯಾಬ್. ಎಚ್ ಇರಬೇಕಾದ ಜಾಗದಲ್ಲಿ ಒತ್ತಿದರೆ ಏನೂ ಬರಲ್ಲ.

ಇನ್ನೊಂದು. ನಾನು ಕನ್ನಡವನ್ನು ಇನ್‌ಸ್ಕ್ರಿಪ್ಟ್ ಅನ್ನೋ ಕೀಲಿ ವಿನ್ಯಾಸದಲ್ಲಿ ಟೈಪ್ ಮಾಡೋದು. ಇದರಲ್ಲಿ "ಕೊಡು" ಅಂತ ಬರೆಯೋಕೇ ಆಗಲ್ಲ. ಒಕಾರದ ಕೀಯೂ ಇಲ್ಲ, ಡ ಅಕ್ಷರದ ಕೀಯೂ ಇಲ್ಲ.

ಬಲ ಬೋರ್ಡು ಕೆಟ್ಟಿದೆಯಾ? ಫರ್ಮ್‌ವೇರ್ ಮತ್ತೆ ಹಾಕಬೇಕಾ? ವಾಪಸ್ ಕಳಿಸಲಾ? ಎರಡು ದಿನದಿಂದ ಇದರ ಮುಂದೆಯೇ ಕೂತಿದ್ದೀನಿ.

ಎರಡುಹೋಳು

ವಾಪಸ್ ಕಳಿಸಬೇಡಿ. ಫರ್ಮ್‌ವೇರನ್ನೂ ಸದ್ಯಕ್ಕೆ ಮುಟ್ಟಬೇಡಿ. ನೀವು ಕೊಟ್ಟ ವಿವರದಲ್ಲೇ ಮುಕ್ಕಾಲು ಉತ್ತರ ಇದೆ.

ನೀವು ಎರಡನೇ ದೋಷ ಅಂದುಕೊಂಡಿರುವ ಉಲ್ಟಾ ಅಕ್ಷರ ದೋಷವೇ ಅಲ್ಲ. ಕ್ಯೂಎಂಕೆ ಫರ್ಮ್‌ವೇರ್ (ವಯಲ್ ಕೂಡ ಅದರ ಮೇಲೇ ನಿಂತಿರುವುದು) ಬೇರೆ ಏನೂ ಹೇಳದಿದ್ದರೆ, ಯುಎಸ್‌ಬಿ ಯಾವ ಹೋಳಿಗೆ ಬಂದಿದೆಯೋ ಅದನ್ನೇ ಎಡ ಭಾಗ ಅಂತ ತಿಳಿಯುತ್ತದೆ. ಕಾರ್ನ್‌ನಲ್ಲಿ ಎರಡೂ ಕಡೆ ಒಂದೇ ಬೋರ್ಡು. ಒಂದನ್ನು ಮಗುಚಿ ಹಾಕಿದರೆ ಇನ್ನೊಂದು ಕಡೆಯದಾಗುತ್ತದೆ. ಹಾಗಾಗಿ ಬಲ ಭಾಗವನ್ನು ಎಡ ಅಂತ ಓದಿದಾಗ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತವೆ. ಪಿ ಜಾಗದಲ್ಲಿ ಕ್ಯೂ, ಜೆ ಜಾಗದಲ್ಲಿ ಎಫ್ ಬರುವುದು ಅದಕ್ಕೇ.

ಇದರಿಂದ ಏನು ಗೊತ್ತಾಯಿತು ನೋಡಿ. ಬಲ ಭಾಗದ ಕಂಟ್ರೋಲರ್ ಜೀವಂತವಾಗಿದೆ, ಅದರಲ್ಲಿ ಫರ್ಮ್‌ವೇರ್ ಇದೆ, ಎಚ್ ಬಿಟ್ಟು ಉಳಿದ ಸ್ವಿಚ್ಚುಗಳು ಸರಿ ಇವೆ. ಎಡ ಭಾಗವೂ ತಾನಾಗಿ ಸರಿ ಇದೆ. ಎರಡು ಹೋಳೂ ಬೇರೆಬೇರೆಯಾಗಿ ಓಡುತ್ತವೆ, ಕೂಡಿಸಿದರೆ ಓಡುವುದಿಲ್ಲ ಅಂದಮೇಲೆ ಅನುಮಾನ ನಡುವಿನ ಕೇಬಲ್ ಮೇಲೆ. ಲೈಟ್ ಹತ್ತುತ್ತಿದೆ ಅಂದರೆ ಕರೆಂಟು ಹೋಗುತ್ತಿದೆ. ಹೋಗದಿರುವುದು ಮಾಹಿತಿಯ ತಂತಿ.

ಈಗ ಆ ಆಡಿಯೋ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. 3.5 ಮಿಲಿಮೀಟರಿನ ಆ ಲೋಹದ ಕಡ್ಡಿಯ ಮೇಲೆ ಸಣ್ಣ ಪ್ಲಾಸ್ಟಿಕ್ ಗೆರೆಗಳಿರುತ್ತವೆ. ಎರಡು ಗೆರೆ ಇದ್ದರೆ ಲೋಹ ಮೂರು ಭಾಗವಾಗಿದೆ, ಅದು ಟಿಆರ್‌ಎಸ್, ಹಾಡು ಕೇಳುವುದಕ್ಕೆ ಮಾಡಿದ್ದು. ಮೂರು ಗೆರೆ ಇದ್ದರೆ ನಾಲ್ಕು ಭಾಗ, ಅದು ಟಿಆರ್‌ಆರ್‌ಎಸ್. ನಿಮಗೆ ಬೇಕಾದದ್ದು ನಾಲ್ಕರದು. ಮೈಕ್ ಇರುವ ಇಯರ್‌ಫೋನಿನ ಪಿನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೂರರ ಪಿನ್ನು ಹಾಕಿದಾಗ ಸಾಕೆಟ್ಟಿನೊಳಗಿನ ಎರಡು ಸಂಪರ್ಕಗಳು ಒಂದೇ ಲೋಹಕ್ಕೆ ತಾಗಿ ಕೂಡಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಮಾಹಿತಿಯದಾದರೆ ಬಲ ಭಾಗ ಮೂಕವಾಗುತ್ತದೆ.

ಒಂದು ಮಾತು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಯುಎಸ್‌ಬಿ ಚುಚ್ಚಿರುವಾಗ ನಡುವಿನ ಕೇಬಲ್ಲನ್ನು ಹಾಕಲೂಬಾರದು, ಕೀಳಲೂಬಾರದು. ಆ ಪಿನ್ನು ಒಳಗೆ ಜಾರುವಾಗ ಸಾಕೆಟ್ಟಿನ ಒಂದೊಂದೇ ಸಂಪರ್ಕವನ್ನು ಸವರಿಕೊಂಡು ಹೋಗುತ್ತದೆ. ಕ್ಷಣಮಾತ್ರ ಕರೆಂಟಿನ ತಂತಿ ಮತ್ತು ಮಾಹಿತಿಯ ತಂತಿ ಒಂದಾಗಬಹುದು. ಅಷ್ಟು ಸಾಕು ಕಂಟ್ರೋಲರಿನ ಕಾಲು ಸುಡುವುದಕ್ಕೆ. ಮೊದಲು ಯುಎಸ್‌ಬಿ ಕಿತ್ತು, ನಡುವಿನ ಕೇಬಲ್ ಹಾಕಿ, ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಿ, ಆಮೇಲೆ ಯುಎಸ್‌ಬಿ. ಹೊಸದಾಗಿ ಶುರು ಮಾಡಿದವರು ಬೋರ್ಡು ಕಳೆದುಕೊಳ್ಳುವುದನ್ನು ನಾನು ಹೆಚ್ಚಾಗಿ ನೋಡಿರುವುದು ಇದೊಂದು ಕಾರಣಕ್ಕೆ.

ಹೊಸಕೀಲಿ

ಎರಡೇ ಗೆರೆ!! ಇಷ್ಟು ವರ್ಷ ಆ ಪಿನ್ನುಗಳಲ್ಲಿ ವ್ಯತ್ಯಾಸ ಇದೆ ಅಂತಲೇ ಗಮನಿಸಿರಲಿಲ್ಲ.

ಯುಎಸ್‌ಬಿ ಹಾಕಿಕೊಂಡೇ ನಾಲ್ಕೈದು ಸಲ ಕೇಬಲ್ ಕಿತ್ತು ಹಾಕಿದ್ದೆ, ನಿಮ್ಮ ಉತ್ತರ ಓದಿ ಕೈಕಾಲು ತಣ್ಣಗಾಯಿತು. ಸ್ನೇಹಿತೆ ಹತ್ತಿರ ನಾಲ್ಕು ಭಾಗದ ಕೇಬಲ್ ಇತ್ತು, ತಂದೆ. ನೀವು ಹೇಳಿದ ಕ್ರಮದಲ್ಲೇ ಹಾಕಿದೆ. ಬಲ ಭಾಗ ಬಂತು! ಪಿ ಅಂದರೆ ಪಿ, ಜೆ ಅಂದರೆ ಜೆ. ತುಂಬಾ ತುಂಬಾ ಧನ್ಯವಾದ.

ಎಚ್ ಮಾತ್ರ ಇನ್ನೂ ಬರ್ತಿಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಅದು ಪ. ಪ ಇಲ್ಲದೆ ಏನು ಬರೆಯೋದು?

ಬೆಸುಗೆ42

ಒಂದೇ ಕೀ ಸತ್ತಿದ್ದರೆ 10ಕ್ಕೆ 9 ಸಲ ಸ್ವಿಚ್ಚಿನ ಕಾಲು ಮಡಚಿರುತ್ತೆ. ಪರೀಕ್ಷೆ ಸುಲಭ. ಕೀಬೋರ್ಡ್ ಕಂಪ್ಯೂಟರಿಗೆ ಹಾಕಿ, ಟೈಪ್ ಮಾಡುವ ಒಂದು ಪುಟ ತೆರೆದಿಡಿ. ಬಲ ಹೋಳನ್ನು ಮಗುಚಿ. ಎಚ್ ಸ್ವಿಚ್ಚಿನ ಹಿಂದೆ ಕಪ್ಪು ಸಾಕೆಟ್, ಅದರ ಎರಡು ಬದಿಗೆ ಬೆಸುಗೆ ಹಾಕಿದ ಲೋಹದ ಕಿವಿಗಳು ಕಾಣುತ್ತವೆ. ಲೋಹದ ಚಿಮಟದ ಎರಡು ತುದಿಯನ್ನು ಆ ಎರಡು ಕಿವಿಗೆ ಒಟ್ಟಿಗೆ ಮುಟ್ಟಿಸಿ. ಬೇರೆ ಯಾವುದಕ್ಕೂ ತಾಗಿಸಬೇಡಿ. ಪರದೆ ಮೇಲೆ ಅಕ್ಷರ ಬಂದರೆ ಬೋರ್ಡು, ಡಯೋಡು, ಬೆಸುಗೆ ಎಲ್ಲ ಸರಿ, ತಪ್ಪು ಸ್ವಿಚ್ಚಿನದು. ಬರದಿದ್ದರೆ ಸಾಕೆಟ್ಟಿನ ಬೆಸುಗೆ ಅಥವಾ ಆ ಕೀಯ ಡಯೋಡು ನೋಡಬೇಕು.

ಒಂದು ಕಂಬಸಾಲೋ ಅಡ್ಡಸಾಲೋ ಇಡೀ ಸತ್ತಿದ್ದರೆ ಕಥೆ ಬೇರೆ, ಕಂಟ್ರೋಲರಿನ ಒಂದು ಕಾಲಿನ ಬೆಸುಗೆ ಬಿಟ್ಟಿರುತ್ತೆ. ನಿಮ್ಮದು ಹಾಗಲ್ಲ.

ಹೊಸಕೀಲಿ

ಚಿಮಟ ಮುಟ್ಟಿಸಿದ ಕೂಡಲೇ "ಪಪಪಪ" ಅಂತ ಸಾಲಾಗಿ ಬಂತು!

ಸ್ವಿಚ್ ಕಿತ್ತು ನೋಡಿದೆ. ಎರಡು ತಾಮ್ರದ ಕಾಲಿನಲ್ಲಿ ಒಂದು ನೆಟ್ಟಗಿದೆ, ಇನ್ನೊಂದು ಹೊಟ್ಟೆಗೆ ಅಂಟಿಕೊಂಡು ಮಲಗಿದೆ. ಮೇಲಿಂದ ನೋಡಿದರೆ ಸ್ವಿಚ್ ಸರಿಯಾಗಿಯೇ ಕೂತಿತ್ತು, ಒತ್ತಿದರೆ ಶಬ್ದವೂ ಬರ್ತಿತ್ತು. ಸಣ್ಣ ಇಕ್ಕುಳದಲ್ಲಿ ಮೆಲ್ಲಗೆ ನೆಟ್ಟಗೆ ಮಾಡಿ ಹಾಕಿದೆ, ಈಗ ಸರಿಯಾಯಿತು.

ಬೆಸುಗೆ42

ಒಳ್ಳೇದು. ಮುಂದೆ ಸ್ವಿಚ್ ಕೂರಿಸುವಾಗ ಸಾಕೆಟ್ಟಿನ ಹಿಂಭಾಗಕ್ಕೆ ಬೆರಳು ಆಸರೆ ಕೊಟ್ಟು, ಸ್ವಿಚ್ಚನ್ನು ನೇರ ಮೇಲಿಂದ ಒತ್ತಿ. ಓರೆಯಾಗಿ ಒತ್ತಿದರೆ ಕಾಲು ಮಡಚುತ್ತೆ. ಆಸರೆ ಇಲ್ಲದೆ ಬಲವಾಗಿ ಒತ್ತಿದರೆ ಸಾಕೆಟ್ಟೇ ಬೋರ್ಡಿನ ತಾಮ್ರದ ಪದರವನ್ನು ಕಿತ್ತುಕೊಂಡು ಬರುತ್ತೆ, ಅದನ್ನು ಸರಿಮಾಡೋದು ಬಹಳ ಕಷ್ಟ. ಒಮ್ಮೆ ಮಡಚಿ ನೆಟ್ಟಗೆ ಮಾಡಿದ ಕಾಲು ಎರಡನೇ ಸಲಕ್ಕೆ ಮುರಿಯಬಹುದು, ಒಂದು ಸ್ವಿಚ್ ಹೆಚ್ಚಿಗೆ ಇಟ್ಟುಕೊಳ್ಳಿ.

ಒಂಟಿಹೋಳು

ಇದೇ ಚರ್ಚೆಯಲ್ಲಿ ಕೇಳ್ತಿದ್ದೀನಿ, ಕ್ಷಮಿಸಿ. ನನ್ನ ಸ್ಪ್ಲಿಟ್‌ಗೆ ಲೈಟೇ ಬರಲ್ಲ. ಲ್ಯಾಪ್‌ಟಾಪಿನಲ್ಲಿ ಇರೋದು ಸಿ ಪೋರ್ಟ್ ಮಾತ್ರ, ಎರಡೂ ತುದಿ ಸಿ ಇರುವ ಕೇಬಲ್ ಹಾಕಿದ್ದೀನಿ. ಎರಡು ಹೋಳೂ ಅಷ್ಟೇ, ಜೀವವೇ ಇಲ್ಲ.

ಬೆಸುಗೆ42

ಒಂದು ತುದಿ ಎ, ಇನ್ನೊಂದು ತುದಿ ಸಿ ಇರುವ ಕೇಬಲ್ಲನ್ನು ಹಬ್ ಮೂಲಕ ಹಾಕಿ ನೋಡಿ. ಸಿ ಪೋರ್ಟ್ ಇರುವ ಉಪಕರಣದಲ್ಲಿ 5.1 ಕಿಲೋಓಮ್‌ನ ಎರಡು ರೆಸಿಸ್ಟರ್ ಇರಬೇಕು. ಅವನ್ನು ನೋಡಿಯೇ ಲ್ಯಾಪ್‌ಟಾಪ್ "ಆ ಕಡೆ ಯಾರೋ ಇದ್ದಾರೆ" ಅಂತ ತಿಳಿದು ಕರೆಂಟು ಬಿಡೋದು. ಕೆಲವು ಅಗ್ಗದ ಕಂಟ್ರೋಲರುಗಳಲ್ಲಿ ಅವನ್ನು ಹಾಕಿರಲ್ಲ. ಎ ಪೋರ್ಟಿನಲ್ಲಿ ಈ ವಿಚಾರಣೆ ಇಲ್ಲ, ಕರೆಂಟು ಯಾವಾಗಲೂ ಇರುತ್ತೆ. ಲೈಟ್ ಹತ್ತಿಯೂ ಕಂಪ್ಯೂಟರಿಗೆ ಕೀಬೋರ್ಡ್ ಕಾಣದಿದ್ದರೆ ಅದು ಚಾರ್ಜಿಂಗಿಗೆ ಮಾತ್ರ ಮಾಡಿದ ಕೇಬಲ್ ಇರಬಹುದು, ಬದಲಿಸಿ.

ಒಂಟಿಹೋಳು

ಎ-ಸಿ ಕೇಬಲ್ಲಿನಲ್ಲಿ ಬಂತು. ಧನ್ಯವಾದ ಸರ್.

ಎರಡುಹೋಳು

ಹೊಸಕೀಲಿ ಅವರೇ, ಈಗ ನಿಮ್ಮ "ಕೊಡು" ವಿಷಯಕ್ಕೆ ಬರೋಣ. ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ನಾನೂ ಇನ್‌ಸ್ಕ್ರಿಪ್ಟಿನವನೇ.

ಕೀಬೋರ್ಡಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಅದು ಕಳಿಸುವುದು ಜಾಗದ ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆಗೆ ಕ ಅನ್ನಬೇಕೋ ಕೆ ಅನ್ನಬೇಕೋ ಎಂಬುದನ್ನು ಕಂಪ್ಯೂಟರಿನ ಭಾಷಾ ಸೆಟ್ಟಿಂಗ್ ತೀರ್ಮಾನಿಸುತ್ತದೆ. ವಯಲ್‌ನಲ್ಲಿ ಕಾಣುವ ಇಂಗ್ಲಿಷ್ ಅಕ್ಷರಗಳು ಆ ಜಾಗಗಳ ಹೆಸರು ಅಷ್ಟೇ. ಹಾಗಾಗಿ ಫರ್ಮ್‌ವೇರಿನಲ್ಲಿ ಕನ್ನಡಕ್ಕೆ ಅಂತ ಬೇರೆ ಏನೂ ಬರೆಯಬೇಕಿಲ್ಲ. ಇನ್‌ಸ್ಕ್ರಿಪ್ಟಿಗೆ ಯಾವ ಜಾಗಗಳು ಬೇಕೋ ಅವು ಮೊದಲ ಪದರದಲ್ಲಿ (ಬೇರೆ ಕೀ ಹಿಡಿಯದೆ ನೇರವಾಗಿ ಸಿಗುವ ಕೀಗಳಲ್ಲಿ) ಇದ್ದರೆ ಆಯಿತು.

ತೊಂದರೆ ಇರುವುದು ಇಲ್ಲೇ. 42 ಕೀಗಳ ವಿನ್ಯಾಸ ಇಂಗ್ಲಿಷಿನ 26 ಅಕ್ಷರ ಲೆಕ್ಕ ಹಾಕಿ ಮಾಡಿದ್ದು. ಇನ್‌ಸ್ಕ್ರಿಪ್ಟ್ 26ಕ್ಕೆ ನಿಲ್ಲುವುದಿಲ್ಲ. ಡ, ಢ ಇರುವುದು ಪಿ ಪಕ್ಕದ ಚೌಕ ಆವರಣದ ಕೀಯಲ್ಲಿ. ಅದರ ಪಕ್ಕದ ಕೀಗೆ ಶಿಫ್ಟ್ ಸೇರಿಸಿದರೆ ಞ. ಒ ಮತ್ತು ಅದರ ಮಾತ್ರೆ ಇರುವುದು ಎಡ ಮೂಲೆಯಲ್ಲಿ, 1ರ ಪಕ್ಕದ ಕೀಯಲ್ಲಿ. ಋ ಮತ್ತು ಅದರ ಮಾತ್ರೆ ಸಮ ಚಿಹ್ನೆಯ ಕೀಯಲ್ಲಿ. ಇವೆಲ್ಲ ಕಾರ್ನ್‌ನಲ್ಲಿ ಎರಡನೇ ಪದರಕ್ಕೋ ಮೂರನೇ ಪದರಕ್ಕೋ ಹೋಗಿವೆ. ಇಂಗ್ಲಿಷಿನವರಿಗೆ ಚೌಕ ಆವರಣ ಅಪರೂಪದ ಚಿಹ್ನೆ. ನಮಗೆ ಡ ಇಲ್ಲದೆ ನೋಡು, ಮಾಡು, ಹಾಡು, ಬೇಡ ಯಾವುದೂ ಇಲ್ಲ.

ನಾನು ಮಾಡಿಕೊಂಡಿರುವುದು ಹೀಗೆ. ಬಲ ಮೇಲ್ತುದಿಯ ಬ್ಯಾಕ್‌ಸ್ಪೇಸನ್ನು ಹೆಬ್ಬೆರಳಿಗೆ ಇಳಿಸಿದೆ. ಖಾಲಿಯಾದ ಜಾಗ ಪಿ ಪಕ್ಕದ್ದೇ, ಅಂದರೆ ಡ ಹುಡುಕಿ ಕಿರುಬೆರಳು ಹೋಗುವ ಜಾಗವೇ. ಅಲ್ಲಿ ಚೌಕ ಆವರಣದ ಕೀ ಇಟ್ಟೆ. ಎಡ ಮೇಲ್ತುದಿಯ ಟ್ಯಾಬನ್ನು ಎರಡನೇ ಪದರಕ್ಕೆ ಕಳಿಸಿ, ಅಲ್ಲಿ ಒಕಾರದ ಕೀ ಇಟ್ಟೆ. ಮಾಮೂಲಿ ಕೀಬೋರ್ಡಿನಲ್ಲೂ ಅದು ಟ್ಯಾಬಿನ ನೆತ್ತಿಯ ಮೇಲೇ ಇರುವುದು, ಬೆರಳಿಗೆ ದಾರಿ ಹೊಸದೇನಲ್ಲ. ಞ ಮತ್ತು ಋ ಬರುವುದು ಕಡಿಮೆ, ಪದರದಲ್ಲೇ ಬಿಟ್ಟಿದ್ದೇನೆ. ಬ್ಯಾಕ್‌ಸ್ಪೇಸ್ ಹೆಬ್ಬೆರಳಿಗೆ ಬಂದಮೇಲೆ ಕಿರುಬೆರಳು ಚಾಚುವ ಅಭ್ಯಾಸವೇ ಹೋಯಿತು, ಅದೊಂದು ಲಾಭ.

ನುಡಿ ಕೀಲಿಮಣೆ ವಿನ್ಯಾಸ ಬಳಸುವವರಿಗೆ ಈ ತಲೆನೋವು ಇಲ್ಲ. ಕೆ.ಪಿ. ರಾವ್ ಅವರ ವಿನ್ಯಾಸ 26 ಅಕ್ಷರದ ಕೀಗಳಲ್ಲೇ ಕನ್ನಡವನ್ನು ಮುಗಿಸುತ್ತದೆ, 42 ಕೀಗೆ ಹೇಳಿ ಮಾಡಿಸಿದ ಹಾಗಿದೆ.

ಒಂದು ಎಚ್ಚರಿಕೆ. ಸ್ಪ್ಲಿಟ್ ತಗೊಂಡ ಉತ್ಸಾಹದಲ್ಲಿ ಕೋಲ್‌ಮ್ಯಾಕ್, ಡ್ವೊರಾಕ್ ಅಂತ ಇಂಗ್ಲಿಷ್ ವಿನ್ಯಾಸವನ್ನೂ ಫರ್ಮ್‌ವೇರಿನಲ್ಲಿ ಬದಲಿಸಿದಿರೋ, ಜಾಗದ ಸಂಖ್ಯೆಗಳೇ ಅದಲುಬದಲಾಗಿ ನಿಮ್ಮ ಇನ್‌ಸ್ಕ್ರಿಪ್ಟ್ ಪೂರ್ತಿ ಚೆಲ್ಲಾಪಿಲ್ಲಿಯಾಗುತ್ತದೆ. ಅದು ಬೇಕೇ ಬೇಕು ಅನಿಸಿದರೆ ಮುಂದೆ ಒಂದು ದಿನ, ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಮಾಡಿ, ಕೀಬೋರ್ಡಿನಲ್ಲಿ ಬೇಡ.

ಹೊಸಕೀಲಿ

ಎರಡನ್ನೂ ಹಾಗೇ ಮಾಡಿದೆ. "ಕೊಡು" ಬಂತು. ವಯಲ್‌ನಲ್ಲಿ ಬದಲಿಸಿದ ತಕ್ಷಣ ಕೀಬೋರ್ಡಿಗೆ ಹೋಗುತ್ತೆ, ಮತ್ತೆ ಫ್ಲ್ಯಾಶ್ ಮಾಡಬೇಕಿಲ್ಲ (ಫರ್ಮ್‌ವೇರ್ ಹೊಸದಾಗಿ ಹಾಕಬೇಕಿಲ್ಲ) ಅನ್ನೋದು ಎಷ್ಟು ಆರಾಮ!

ಒಂದು ವಿಚಿತ್ರ ಮಾತ್ರ. ನಾನು "ಅವನು" ಅಂತ ಬರೆದರೆ "ಅಲನು" ಬರ್ತಿದೆ. "ವಿಷಯ" ಹೋಗಿ "ಲಿಷಯ". ಸ್ವಿಚ್ ಇರಬಹುದಾ?

ಎರಡುಹೋಳು

ಸ್ವಿಚ್ ಅಲ್ಲ, ಬೆರಳು. ನೀವು ಇಷ್ಟು ವರ್ಷ ಬಿ ಕೀಯನ್ನು ಬಲಗೈ ತೋರುಬೆರಳಿನಲ್ಲಿ ಒತ್ತುತ್ತಿದ್ದಿರಿ. ಮಾಮೂಲಿ ಕೀಬೋರ್ಡಿನಲ್ಲಿ ಬಿ ನಡುವೆ ಇರುವುದರಿಂದ ಯಾವ ಕೈಯಾದರೂ ನಡೆಯುತ್ತಿತ್ತು. ಹೋಳಾದಮೇಲೆ ಬಿ ಎಡಗಡೆ ಉಳಿಯಿತು. ಬಲಗೈ ಅಭ್ಯಾಸದಿಂದ ಹೋಗಿ ಒತ್ತುವ ಜಾಗದಲ್ಲಿ ಈಗ ಇರುವುದು ಎನ್, ಅಂದರೆ ಲ. ಎಡಗೈಯಿಂದ ವೈ ಒತ್ತುವವರಿಗೆ ಬ ಕೈಕೊಡುವುದೂ ಇದೇ ಕಾರಣಕ್ಕೆ.

ಸಾಲುಗಳ ವಿಷಯವೂ ಇದೆ. ಮಾಮೂಲಿ ಕೀಬೋರ್ಡಿನ ಸಾಲುಗಳು ಓರೆಯಾಗಿರುವುದು ಟೈಪ್‌ರೈಟರಿನ ಕಡ್ಡಿಗಳು ಒಂದಕ್ಕೊಂದು ಅಡ್ಡ ಬರಬಾರದು ಅಂತ ಮಾಡಿದ ಏರ್ಪಾಡು. ಕಾರ್ನ್‌ನಲ್ಲಿ ಕೀಗಳು ಬೆರಳಿನ ಉದ್ದಕ್ಕೆ ತಕ್ಕಂತೆ ಕಂಬಸಾಲಿನಲ್ಲಿ ನಿಂತಿವೆ. ಕೆಳಸಾಲಿನ ಮ, ನ ನಿಮಗೆ ಒಂದೆರಡು ವಾರ ತಪ್ಪುತ್ತವೆ. ದಿನಕ್ಕೆ 20 ನಿಮಿಷ ಮಾತ್ರ ಇದರಲ್ಲಿ ನಿಧಾನವಾಗಿ ಟೈಪ್ ಮಾಡಿ, ವೇಗ ನೋಡಬೇಡಿ. ತುರ್ತು ಕೆಲಸಕ್ಕೆ ಹಳೆಯದನ್ನೇ ಬಳಸಿ, ನಾಚಿಕೆ ಬೇಡ.

ಹೋಳುಗಳನ್ನು ಹೆಗಲಗಲಕ್ಕೆ ದೂರ ಇಡಿ. ಹೆಬ್ಬೆರಳಿನ ಕಡೆ ಎತ್ತರಿಸುವುದನ್ನು ಸ್ವಲ್ಪದರಿಂದ ಶುರು ಮಾಡಿ, ಮೊದಲ ದಿನವೇ ಕಡಿದಾಗಿ ನಿಲ್ಲಿಸಿದರೆ ಮಣಿಕಟ್ಟು ನೇತಾಡುತ್ತದೆ. ಕೈಯಲ್ಲಿ ಈಗಾಗಲೇ ಜೋಮು, ನೋವು ಇದ್ದರೆ ವೈದ್ಯರನ್ನು ಕಾಣಿ, ಕೀಬೋರ್ಡ್ ಅದಕ್ಕೆ ಮದ್ದಲ್ಲ.

ಯುಎಸ್‌ಬಿಯನ್ನು ಯಾವಾಗಲೂ ಎಡಕ್ಕೇ ಹಾಕಿ. ವಯಲ್‌ನಲ್ಲಿ ಮಾಡಿದ ಬದಲಾವಣೆ ಉಳಿಯುವುದು ಯುಎಸ್‌ಬಿ ಇರುವ ಹೋಳಿನ ನೆನಪಿನಲ್ಲಿ ಮಾತ್ರ. ಬಲಕ್ಕೆ ಹಾಕಿದರೆ ಹಳೆಯ ವಿನ್ಯಾಸವೇ ಬಂದು, ಎಲ್ಲ ಅಳಿಸಿಹೋಯಿತು ಅಂತ ಗಾಬರಿಯಾಗುತ್ತೀರಿ. ಬಲಕ್ಕೇ ಹಾಕಬೇಕಾದ ಮೇಜಿನ ಜೋಡಣೆ ಇದ್ದರೆ ಹೇಳಿ, ಯಾವ ಹೋಳು ಯಾವ ಕಡೆಯದು ಎಂಬುದನ್ನು ಅದರ ನೆನಪಿನಲ್ಲೇ ಬರೆದಿಡುವ ಆಯ್ಕೆ ಕ್ಯೂಎಂಕೆಯಲ್ಲಿ ಇದೆ. ಅದಕ್ಕೆ ಒಂದೊಂದು ಹೋಳನ್ನೂ ಬೇರೆಯಾಗಿ ಫ್ಲ್ಯಾಶ್ ಮಾಡಬೇಕು.

ಹೊಸಕೀಲಿ

ಮೂರು ವಾರ ಆಯಿತು. ವ ಈಗ ಎಡಗೈಗೆ ಒಗ್ಗಿದೆ. ಇನ್ನೊಂದು ಪ್ರಶ್ನೆ, ಇದೇ ಕೊನೆ.

ನಡುಸಾಲಿನ ಕೀ ತಟ್ಟಿದರೆ ಅಕ್ಷರ, ಹಿಡಿದಿಟ್ಟರೆ ಶಿಫ್ಟ್, ಕಂಟ್ರೋಲ್ ಅನ್ನುವ ವ್ಯವಸ್ಥೆ ಹಾಕಿಕೊಂಡೆ. ಎ, ಎಸ್, ಡಿ, ಎಫ್ ಮೇಲೆ ವಿಂಡೋಸ್, ಆಲ್ಟ್, ಕಂಟ್ರೋಲ್, ಶಿಫ್ಟ್. ಪರ್ಮಿಸಿವ್ ಹೋಲ್ಡ್ ಅನ್ನೋ ಸೆಟ್ಟಿಂಗ್ ಕೂಡ ಆನ್ ಇದೆ. ಇಂಗ್ಲಿಷಿಗೆ ಪರವಾಗಿಲ್ಲ. ಕನ್ನಡದಲ್ಲಿ "ಚಿಕ್ಕ" ಬರೆದರೆ "ಚಖ್ಕ" ಆಗುತ್ತೆ. ಕೆಲವೊಮ್ಮೆ "ಕ್ಕ" ಒತ್ತಿದಾಗ ಲಿಂಕ್ ಹಾಕುವ ಪೆಟ್ಟಿಗೆ ತೆರೆಯುತ್ತೆ. ತಟ್ಟಿದ್ದೋ ಹಿಡಿದದ್ದೋ ಅಂತ ನೋಡುವ ಸಮಯದ ಮಿತಿ 200 ಮಿಲಿಸೆಕೆಂಡಿನಿಂದ 250ಕ್ಕೆ ಏರಿಸಿದೆ, ಅಷ್ಟೇನೂ ಸುಧಾರಿಸಲಿಲ್ಲ.

ಎರಡುಹೋಳು

ಪದವನ್ನು ಕೀ ಕೀಯಾಗಿ ಬಿಡಿಸಿ ನೋಡಿ. ಚ ಆದಮೇಲೆ ಇಕಾರದ ಮಾತ್ರೆ ಎಫ್, ಕ ಅಂದರೆ ಕೆ, ಒತ್ತು ಕೊಡುವ ವಿರಾಮ ಡಿ, ಮತ್ತೆ ಕೆ. ವೇಗದಲ್ಲಿ ನೀವು ಎಫ್ ಎತ್ತುವ ಮೊದಲೇ ಕೆ ಒತ್ತಿ ಎತ್ತುತ್ತೀರಿ. ಪರ್ಮಿಸಿವ್ ಹೋಲ್ಡ್ ಇದ್ದರೆ ಫರ್ಮ್‌ವೇರ್ ಅದನ್ನು ಶಿಫ್ಟ್ ಹಿಡಿದು ಕ ಒತ್ತಿದರು ಅಂತ ಓದುತ್ತದೆ, ಖ ಬರುತ್ತದೆ. ಡಿ ಮೇಲೂ ಹಾಗೇ ಆದರೆ ಕಂಟ್ರೋಲ್-ಕೆ. ಎಷ್ಟೋ ತಂತ್ರಾಂಶಗಳಲ್ಲಿ ಅದು ಲಿಂಕ್ ಸೇರಿಸುವ ಅಡ್ಡದಾರಿ. ಸಮಯದ ಮಿತಿ ಏರಿಸಿದರೂ ಹೋಗದಿರುವುದು ಇದಕ್ಕೇ, ಇಲ್ಲಿ ತೀರ್ಮಾನ ಆಗುವುದು ಸಮಯದಿಂದಲ್ಲ, ಯಾವ ಬೆರಳು ಮೊದಲು ಎದ್ದಿತು ಎಂಬುದರಿಂದ. ಮೊದಲು ಪರ್ಮಿಸಿವ್ ಹೋಲ್ಡ್ ಆಫ್ ಮಾಡಿ.

ಕೋರ್ಡಲ್ ಹೋಲ್ಡ್ ಹಾಕಿ ಅಂತ ಅನೇಕರು ಹೇಳುತ್ತಾರೆ. ಎರಡು ಕೀಯೂ ಒಂದೇ ಕೈಯಲ್ಲಿದ್ದರೆ ಅದು ಅಕ್ಷರ ಅಂತಲೇ ತೀರ್ಮಾನಿಸುವ ಉಪಾಯ ಅದು. ಇಂಗ್ಲಿಷಿಗೆ ಚೆನ್ನ. ಇನ್‌ಸ್ಕ್ರಿಪ್ಟಿನಲ್ಲಿ ಮಾತ್ರೆಗಳು ಬಹುಪಾಲು ಎಡಗೈ, ವ್ಯಂಜನ ಹೆಚ್ಚಿನವು ಬಲಗೈ. ನಾವು ಬರೆಯುವುದೇ ಒಂದು ಕೈಯಿಂದ ಇನ್ನೊಂದು ಕೈಗೆ ಹಾರುತ್ತಾ. ಹಾಗಾಗಿ ಅದರಿಂದ ನಮಗೆ ಉಪಯೋಗ ಕಡಿಮೆ.

ನಮಗೆ ಒಗ್ಗುವುದು 2025ರಲ್ಲಿ ಕ್ಯೂಎಂಕೆಗೆ ಬಂದ ಫ್ಲೋ ಟ್ಯಾಪ್. ಹಿಂದಿನ ಕೀ ಒತ್ತಿ ಇಷ್ಟು ಮಿಲಿಸೆಕೆಂಡಿನ ಒಳಗೆ ಮುಂದಿನದು ಬಂದರೆ ಕೈ ಓಡುತ್ತಿದೆ ಅಂತ ತಿಳಿದು ನೇರ ಅಕ್ಷರವನ್ನೇ ಕೊಡುತ್ತದೆ. 150ರಿಂದ ಶುರು ಮಾಡಿ. ಹಳೆಯ ಫರ್ಮ್‌ವೇರಿನಲ್ಲಿ ಇದು ಇರುವುದಿಲ್ಲ, ಹೊಸದನ್ನು ಹಾಕಬೇಕು. ಕಂಟ್ರೋಲರಿನ ಬೂಟ್ ಗುಂಡಿ ಒತ್ತಿಕೊಂಡೇ ಯುಎಸ್‌ಬಿ ಚುಚ್ಚಿದರೆ ಪೆನ್‌ಡ್ರೈವಿನ ಹಾಗೆ ಒಂದು ಡ್ರೈವ್ ಕಾಣುತ್ತದೆ, ಹೊಸ ಫರ್ಮ್‌ವೇರಿನ ಯುಎಫ್2 ಕಡತವನ್ನು ಅದರೊಳಗೆ ಹಾಕಿ. ಹಾಕಿದ ಕೂಡಲೇ ಡ್ರೈವ್ ಮಾಯವಾಗುತ್ತದೆ, ಅದು ಸರಿಯಾಗಿ ಆಗಿದೆ ಎಂಬುದರ ಗುರುತು. ಎರಡೂ ಹೋಳಿಗೆ ಒಂದೇ ಕಡತ, ಹಾಕುವಾಗ ನಡುವಿನ ಕೇಬಲ್ ಕಿತ್ತಿರಲಿ.

ಆದರೆ ಶಿಫ್ಟನ್ನು ನಡುಸಾಲಿನಿಂದ ತೆಗೆದುಬಿಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ಹೆಚ್ಚಾಗಿ ವಾಕ್ಯದ ಮೊದಲಿಗೆ, ಕೈ ನಿಂತಿರುವಾಗ. ನಮಗೆ ಪದದ ಹೊಟ್ಟೆಯಲ್ಲಿ ಬೇಕು. ಹೇಳು ಅನ್ನುವಾಗ ಳ, ಕಣ್ಣು ಅನ್ನುವಾಗ ಣ, ವಿಷಯದ ಷ, ದೇಶದ ಶ, ಎಲ್ಲಕ್ಕೂ ಶಿಫ್ಟ್. ಫ್ಲೋ ಟ್ಯಾಪ್ ಅಲ್ಲಿ ಶಿಫ್ಟನ್ನು ತಡೆಯುತ್ತದೆ, ಫ್ಲೋ ಟ್ಯಾಪನ್ನೇ ತೆಗೆದರೆ "ಚಖ್ಕ" ಮತ್ತೆ ಬರುತ್ತದೆ. ಎಡ ಹೆಬ್ಬೆರಳಿನ ಒಂದು ಕೀಯನ್ನು ಬರೀ ಶಿಫ್ಟಿಗೆ ಬಿಟ್ಟುಕೊಡಿ.

ಹೊಸಕೀಲಿ

ಹಾಕಿ ಐದು ದಿನ ಆಯಿತು. ಶಿಫ್ಟ್ ಹೆಬ್ಬೆರಳಿಗೆ, ಫ್ಲೋ ಟ್ಯಾಪ್ 150. "ಚಿಕ್ಕ", "ಪಕ್ಕ", "ಕಣ್ಣು" ಎಲ್ಲ ಸರಿ ಬರ್ತಿವೆ. ಲಿಂಕ್ ಪೆಟ್ಟಿಗೆ ಒಮ್ಮೆಯೂ ತೆರೆದಿಲ್ಲ. ಫ್ಲ್ಯಾಶ್ ಮಾಡಿದಮೇಲೆ ಡ ಮತ್ತು ಒ ಮತ್ತೆ ಮಾಯವಾಗಿದ್ದವು, ವಯಲ್‌ನಲ್ಲಿ ಉಳಿಸಿಟ್ಟಿದ್ದ ವಿನ್ಯಾಸದ ಕಡತವನ್ನು ತೆರೆದೆ, ಬಂದವು. ಫ್ಲ್ಯಾಶ್ ಮಾಡುವವರು ಮೊದಲು ಆ ಕಡತ ಉಳಿಸಿಕೊಳ್ಳಿ.

ಸ್ನೇಹಿತೆಯ ಕೇಬಲ್ ವಾಪಸ್ ಕೊಟ್ಟು ನನ್ನದೇ ಒಂದು ತಂದಿದ್ದೀನಿ, ಮೂರು ಗೆರೆಯದ್ದು. ಹಳೆಯ ಎರಡು ಗೆರೆಯ ಕೇಬಲ್ಲಿನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ ಬೇರೆ ಡಬ್ಬಿಗೆ ಹಾಕಿದ್ದೀನಿ. ಚರ್ಚೆಗೆ ಪರಿಹಾರ ಸಿಕ್ಕಿದೆ ಅಂತ ಗುರುತು ಹಾಕ್ತಿದ್ದೀನಿ.